ರೋಡು ಸರಿಯಿಲ್ಲ ಸಾರ್!

ಬ್ಲಾಗಿಗೆ ಏನೂ ಬರೆಯದೆ ಮೂರ್ನಾಲ್ಕು ತಿಂಗಳಾಯ್ತು. ಯಾರಾದ್ರೂ ಕೇಳಿದ್ರೆ ಕೆಲಸ ಜಾಸ್ತಿ ಅಂತೀನಿ, ನಿಜ ಹೇಳಬೇಕೆಂದರೆ ಸೋಮಾರಿತನ. ಇವತ್ತು ಬರೆಯೋಕೆ ಕೂತಿರೋದು ಸಿಟ್ಟಿನಿಂದ. ಸಿಟ್ಟು ಯಾರ ಮೇಲೆ ಅನ್ನೋದು ಬರೀತಾ ಬರೀತಾ ಸ್ವಲ್ಪ ಆಚೀಚೆ ಆಗಬಹುದು, ಸಹಿಸಿಕೊಳ್ಳಿ.

ವಿಷಯ ಒಂದು ಬೇರಿಂಗು. ನಗಬೇಡಿ. ತೀರ್ಥಹಳ್ಳಿಯಲ್ಲಿರೋ ನಮ್ಮಪ್ಪನ ಕಾರಿನ ಎಡ ಮುಂದಿನ ಚಕ್ರದ ಬೇರಿಂಗು. 2016ರಲ್ಲಿ ಕೊಂಡ ಸಣ್ಣ ಹ್ಯಾಚ್‌ಬ್ಯಾಕ್ ಅದು. ಕಂಪನಿಯಿಂದ ಬಂದ ಬೇರಿಂಗು 58,000 ಕಿಲೋಮೀಟರ್ ಓಡಿತು. ಅದನ್ನು ಬದಲಾಯಿಸಿ ಹಾಕಿದ್ದು 7,000ಕ್ಕೆ ಹೋಯಿತು. ಅದರ ನಂತರದ್ದು 6,500ಕ್ಕೆ. ಅದರ ನಂತರದ್ದು ನಾಲ್ಕು ಸಾವಿರ ಚಿಲ್ಲರೆಗೆ. ಮೂರು ಬೇರೆ ಬೇರೆ ಗ್ಯಾರೇಜು, ಮೂರು ಬೇರೆ ಬೇರೆ ಕಂಪನಿಯ ಬೇರಿಂಗು, ಮೂರು ಸಲವೂ ಸಿಕ್ಕಿದ ಕಾರಣ ಮಾತ್ರ ಒಂದೇ: "ರೋಡು ಸರಿಯಿಲ್ಲ ಸಾರ್."

ಹೌದು ಸ್ವಾಮಿ, ರೋಡು ಸರಿಯಿಲ್ಲ. ಮಲೆನಾಡಿನಲ್ಲಿ ಮಳೆಗಾಲ ಮುಗಿದ ಮೇಲೆ ರಸ್ತೆ ಹೇಗಿರುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ಲೇ ಸೈಕಲ್ ಹೊಡೆದು ಬೆಳೆದವನು. ಆದರೆ ಅದೇ ಕಾರಿಗೆ ಬಲಗಡೆಯೂ ಒಂದು ಮುಂದಿನ ಚಕ್ರ ಇದೆ. ಅದೇ ರೋಡು, ಅದೇ ಡ್ರೈವರು, ಅದೇ ಗುಂಡಿ. ಆ ಬಲಗಡೆಯ ಬೇರಿಂಗು 2016ರಲ್ಲಿ ಫ್ಯಾಕ್ಟರಿಯಲ್ಲಿ ಕೂರಿಸಿದ್ದು ಇವತ್ತಿಗೂ ತೆಪ್ಪಗೆ ತಿರುಗ್ತಾ ಇದೆ. ರೋಡಿಗೆ ನಮ್ಮ ಎಡಗಡೆ ಚಕ್ರದ ಮೇಲೆ ಮಾತ್ರ ಏನು ದ್ವೇಷ?

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಾವು ಎಡಗಡೆ ಓಡಿಸೋರು. ಟಾರಿನ ಅಂಚು ಕಿತ್ತು ಹೋಗಿರೋದು, ಮೋರಿ ಪಕ್ಕದ ಹಳ್ಳ, ಇವೆಲ್ಲ ಎಡಗಡೆ ಚಕ್ರಕ್ಕೇ ಜಾಸ್ತಿ ಸಿಗ್ತವೆ. ಹಾಗಾಗಿ ಎಡಗಡೆಯದು ಸ್ವಲ್ಪ ಬೇಗ ಸವೆದರೆ ಆಶ್ಚರ್ಯ ಇಲ್ಲ. ಆದರೆ ಸ್ವಲ್ಪ ಬೇಗ ಅನ್ನೋದಕ್ಕೂ ಎಂಟರಲ್ಲಿ ಒಂದು ಪಾಲಿಗೂ ವ್ಯತ್ಯಾಸ ಇದೆ. ಈ ಎಂಟರ ಲೆಕ್ಕಕ್ಕೆ ಆಮೇಲೆ ಬರ್ತೀನಿ, ಅದರಲ್ಲಿ ನನ್ನ ಮಾನವೂ ಸ್ವಲ್ಪ ಹೋಗೋದಿದೆ.

ಮೊದಲು ಬೇರಿಂಗ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಉಕ್ಕಿನ ಒಂದು ದಪ್ಪ ಬಳೆ, ಅದರೊಳಗೆ ಇನ್ನೊಂದು ಬಳೆ, ಎರಡರ ಮಧ್ಯೆ ಎರಡು ಸಾಲು ಗುಂಡು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು. ಒಳಗಿನ ಬಳೆ ಚಕ್ರದ ಹಬ್ ಜೊತೆ ತಿರುಗುತ್ತೆ, ಹೊರಗಿನದು ನಕಲ್ ಒಳಗೆ ಬಿಗಿಯಾಗಿ ಕೂತಿರುತ್ತೆ (ನಕಲಿ ಅಲ್ಲ, ನಕಲ್. ಸ್ಟೀರಿಂಗ್ ತಿರುಗಿಸಿದಾಗ ಚಕ್ರವನ್ನು ಹೊತ್ತು ತಿರುಗುವ ಲೋಹದ ಭಾಗಕ್ಕೆ ಆ ಹೆಸರು). ಮುಂದಿನ ಒಂದು ಚಕ್ರದ ಮೇಲೆ ಕಾರಿನ ತೂಕದ ಸುಮಾರು ಕಾಲು ಭಾಗವೋ ಇನ್ನೂ ಸ್ವಲ್ಪ ಜಾಸ್ತಿಯೋ ಬೀಳುತ್ತೆ. ಅಷ್ಟೂ ಭಾರ ನಿಂತಿರೋದು ಈ ಗುಂಡುಗಳ ಮೇಲೆ. ಹಳೇ ಕಾಲದ ಕಾರುಗಳಲ್ಲಿ ಹಬ್ ಬಿಚ್ಚಿ, ಗ್ರೀಸ್ ತುಂಬಿ, ನಟ್ಟಿನ ಬಿಗಿ ನೋಡಿ ಕೂರಿಸೋರು. ಈಗಿನವು ಸೀಲ್ ಆಗಿ ಬರ್ತವೆ, ನಾವು ಮಾಡೋಕೆ ಏನೂ ಇಲ್ಲ. ಮಾಡೋಕೆ ಏನೂ ಇಲ್ಲದ್ದರಿಂದಲೇ ಯೋಚನೆ ಮಾಡೋಕೂ ಏನೂ ಇಲ್ಲ ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದಾರೆ. ಸದ್ದು ಬಂತಾ? ಕಿತ್ತು ಹಾಕು, ಹೊಸದು ತುರುಕು, ಬಿಲ್ ಕೊಡು.

ಸದ್ದು ಮೊದಲು ಕೇಳಿದ್ದು ಅಮ್ಮನಿಗೆ. 2022ರ ಮಳೆಗಾಲ. "ಅಕ್ಕಿ ಗಿರಣಿ ಒಳಗೆ ಕೂತ ಹಾಗಾಗ್ತದೆ ಮಾರಾಯ, ಮಾತಾಡಿದ್ದು ಕೇಳೋದಿಲ್ಲ" ಅಂದಿದ್ದಳು. ಅಪ್ಪ ನನಗೆ ಫೋನ್ ಮಾಡಿದ್ದರು. ಆ ಫೋನಿನ ವಿಷಯ ಕೊನೆಗೆ ಹೇಳ್ತೀನಿ. ಕೆಲವು ತಿಂಗಳ ನಂತರ ಮೊದಲನೇ ಬೇರಿಂಗ್ ಬದಲಾಯಿತು. ಮತ್ತೆ 2023ರಲ್ಲಿ ಸದ್ದು. ಈ ಸಲ ಇನ್ನೊಂದು ಗ್ಯಾರೇಜು, "ಮೊದಲು ಹಾಕಿದ್ದು ಲೋಕಲ್ ಮಾಲ್ ಸಾರ್, ನಾನು ಒರಿಜಿನಲ್ ಹಾಕ್ತೀನಿ" ಅಂದರು. ಹಾಕಿದರು. 2024ರ ಬೇಸಿಗೆಯಲ್ಲಿ ಮತ್ತೆ ಸದ್ದು. ಇನ್ನು ಈ ಸಣ್ಣಪುಟ್ಟ ಗ್ಯಾರೇಜಿನ ಸಹವಾಸ ಸಾಕು ಅಂತ ಹವಾನಿಯಂತ್ರಿತ ಲೌಂಜು, ಕಾಫಿ ಮೆಷಿನ್ನು ಇರೋ ದೊಡ್ಡ ಸರ್ವಿಸ್ ಸೆಂಟರಿಗೆ ಕೊಟ್ಟೆವು. ಅಲ್ಲಿ ಬಿಲ್ಲು ಕಂಪ್ಯೂಟರಿನಲ್ಲಿ ಬಂತು, ಇಷ್ಟೇ ವ್ಯತ್ಯಾಸ. ಕಾರಣ ಮಾತ್ರ ಅದೇ ಮೂರು ಪದ. ಅದರ ಜೊತೆಗೆ ಸರ್ವಿಸ್ ಅಡ್ವೈಸರ್ ಅನ್ನೋ ಹುಡುಗ ಅಪ್ಪನ ಮುಖ ನೋಡಿ ಇನ್ನೊಂದು ಮಾತು ಸೇರಿಸಿದ: "ಅಂಕಲ್, ನೀವು ಸ್ವಲ್ಪ ಗುಂಡಿ ನೋಡಿಕೊಂಡು ಓಡಿಸಬೇಕು."

ಅಪ್ಪನಿಗೆ ಈಗ ಅರವತ್ತಾರು. ಮೂವತ್ತೈದು ವರ್ಷದಿಂದ ಘಾಟಿ ರಸ್ತೆಯಲ್ಲಿ ಗಾಡಿ ಓಡಿಸಿದವರು. ಆಚೆ ಬಂದ ಮೇಲೆ ನನ್ನ ಹತ್ತಿರ, "ಕಣ್ಣು ಮಂಜಾಗಿರಬಹುದು ಅಲ್ವಾ, ನನಗೇ ಗೊತ್ತಾಗ್ತಿಲ್ಲವೇನೋ" ಅಂದರು. ಆಗ ನಾನು ಏನು ಹೇಳಬೇಕಿತ್ತು? "ಹಾಗೇನಿಲ್ಲ ಅಪ್ಪ" ಅನ್ನಬೇಕಿತ್ತು. ನಾನು ಹೇಳಿದ್ದು, "ರಾತ್ರಿ ಹೊತ್ತು ಓಡಿಸೋದು ಕಮ್ಮಿ ಮಾಡಿ" ಅಂತ. ಅವರು ಮರುದಿನದಿಂದಲೇ ಸಂಜೆ ಮೇಲೆ ಕಾರು ತೆಗೆಯೋದು ಬಿಟ್ಟರು. ಒಂದು ತಪ್ಪು ಡಯಾಗ್ನೋಸಿಸ್ ಬರೀ ಬೇರಿಂಗ್ ದುಡ್ಡನ್ನು ಮಾತ್ರ ತಿನ್ನೋದಿಲ್ಲ ಅನ್ನೋದು ನನಗೆ ಹೊಳೆದದ್ದು ಬಹಳ ತಡವಾಗಿ.

ಮೂರನೇ ಬದಲಾವಣೆ ಆಗಿ ಕೆಲವೇ ತಿಂಗಳಿಗೆ, 2024ರ ಡಿಸೆಂಬರಿನಲ್ಲಿ, ಅಪ್ಪ ಅಮ್ಮ ಉಡುಪಿಗೆ ಮದುವೆಗೆಂದು ಆಗುಂಬೆ ಘಾಟಿ ಇಳಿಯುತ್ತಿದ್ದರು. ಹಗಲು ಹೊತ್ತು. ಒಂದು ತಿರುವು ದಾಟಿ ಮುಂದಿನ ತಿರುವಿಗೆ ಬ್ರೇಕ್ ಒತ್ತಿದರೆ ಪೆಡಲ್ಲು ಸೀದಾ ಒಳಗೆ ಹೋಯಿತಂತೆ. ಎರಡನೇ ಸಲ ಒತ್ತಿದಾಗ ಹಿಡಿಯಿತು. ಅಪ್ಪನಿಗೆ ಅನುಭವ ಇದ್ದದ್ದಕ್ಕೆ ಕಾರು ಮೊದಲೇ ಎರಡನೇ ಗೇರಿನಲ್ಲಿತ್ತು, ಬದುಕಿದರು. ಬ್ರೇಕಿನಲ್ಲಿ ಏನೂ ದೋಷ ಇರಲಿಲ್ಲ. ಬೇರಿಂಗ್ ಸಡಿಲವಾದರೆ ತಿರುವಿನಲ್ಲಿ ಹಬ್ ವಾಲುತ್ತೆ, ಹಬ್ಬಿನ ಜೊತೆ ಬ್ರೇಕ್ ಡಿಸ್ಕೂ ವಾಲುತ್ತೆ, ಅದು ಬ್ರೇಕ್ ಪ್ಯಾಡನ್ನು ಹಿಂದಕ್ಕೆ ತಳ್ಳಿಬಿಡುತ್ತೆ. ಮುಂದಿನ ಸಲ ಬ್ರೇಕ್ ಒತ್ತಿದಾಗ ಮೊದಲ ಒತ್ತು ಪ್ಯಾಡನ್ನು ವಾಪಸ್ ತರೋದಕ್ಕೇ ಖರ್ಚಾಗುತ್ತೆ. ಸದ್ದು ತಾನೇ, ರೇಡಿಯೋ ಜೋರು ಮಾಡಿದರೆ ಆಯ್ತು ಅನ್ನೋರು ದಯವಿಟ್ಟು ಈ ಪ್ಯಾರಾ ಇನ್ನೊಂದು ಸಲ ಓದಿ.

ಈಗ ನನ್ನ ಮಾನದ ವಿಷಯ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಅಂತ ಸಂಬಳ ತಗೊಂಡರೂ ನಾನು ಓದಿದ್ದು ಮೆಕ್ಯಾನಿಕಲ್. (ನಮ್ಮ ಬ್ಯಾಚಿನ ಮುಕ್ಕಾಲು ಪಾಲು ಜನ ಇದೇ ಪಾಪ ಮಾಡಿದವರು.) ಮೆಷಿನ್ ಡಿಸೈನ್ ಪರೀಕ್ಷೆಗೆ ಡಿಸೈನ್ ಡೇಟಾ ಹ್ಯಾಂಡ್‌ಬುಕ್ ಒಳಗೆ ಒಯ್ಯೋಕೆ ಬಿಡ್ತಾರೆ. ಬೇರಿಂಗ್ ಪ್ರಶ್ನೆ ಗ್ಯಾರಂಟಿ ಬರುತ್ತೆ, ಸೂತ್ರಕ್ಕೆ ಸಂಖ್ಯೆ ಹಾಕಿದರೆ ಹತ್ತು ಮಾರ್ಕು. ಸೂತ್ರ ಬಹಳ ಸರಳ. ಗುಂಡಿನ ಬೇರಿಂಗಿನ ಆಯಸ್ಸು ಅದರ ಮೇಲಿನ ಭಾರದ ಘನಕ್ಕೆ ವಿಲೋಮ. ಭಾರ ಎರಡರಷ್ಟಾದರೆ ಆಯಸ್ಸು ಎಂಟರಲ್ಲಿ ಒಂದು. ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ 1947ರಲ್ಲಿ ಇದರ ಸಿದ್ಧಾಂತ ಕಟ್ಟಿಕೊಟ್ಟರು, ಇವತ್ತಿಗೂ ಜಗತ್ತು ಅದರ ಬುನಾದಿಯ ಮೇಲೇ ಬೇರಿಂಗ್ ಆರಿಸುತ್ತೆ. ನನಗೆ ಆ ಪ್ರಶ್ನೆಗೆ ಹತ್ತಕ್ಕೆ ಹತ್ತು ಬಂದಿತ್ತು.

ಈಗ ಹೇಳಿ, 58,000ಕ್ಕೂ 7,000ಕ್ಕೂ ಎಷ್ಟು ಪಟ್ಟು? ಹತ್ತಿರ ಹತ್ತಿರ ಎಂಟು. ಅಂದರೆ ಬೇರಿಂಗಿನ ಒಳಗೆ ಎಲ್ಲೋ ಬೀಳಬೇಕಾದ್ದಕ್ಕಿಂತ ಸುಮಾರು ಎರಡು ಪಟ್ಟು ಭಾರ ಬೀಳ್ತಾ ಇದೆ, ಅದೂ ಒಂದೇ ಚಕ್ರದಲ್ಲಿ, ಅದೂ ಮೊದಲ ರಿಪೇರಿ ಆದ ಮೇಲೆ. ರೋಡು 2022ರ ನಂತರ ಎಡ ಚಕ್ರಕ್ಕೆ ಮಾತ್ರ ಎರಡು ಪಟ್ಟು ಕೆಟ್ಟಿತಾ? ಕಾರಿಗೆ ಎಡಗಡೆ ಮಾತ್ರ ಎರಡು ಪಟ್ಟು ತೂಕ ಬಂತಾ? ಇನ್ನು ಆ ಸೂತ್ರದ ಆಯಸ್ಸು ಅಂದರೆ ನೂರರಲ್ಲಿ ತೊಂಬತ್ತು ಬೇರಿಂಗು ತಲುಪೋ ಆಯಸ್ಸು, ಹತ್ತು ಮಾತ್ರ ಅದಕ್ಕೂ ಮೊದಲೇ ಹೋಗಬಹುದು. ಹಾಗಾಗಿ ಒಂದು ಬೇರಿಂಗ್ ಬೇಗ ಹೋದರೆ ಹಣೆಬರಹ ಅನ್ನಬಹುದು. ಸಾಲಾಗಿ ಮೂರು ಹೋದರೆ ಹತ್ತರಲ್ಲಿ ಒಂದು, ಅದರ ಹತ್ತರಲ್ಲಿ ಒಂದು, ಅದರ ಹತ್ತರಲ್ಲಿ ಒಂದು, ಸಾವಿರಕ್ಕೆ ಒಂದು ಸಲ. ಅದನ್ನು ಹಣೆಬರಹ ಅನ್ನೋಕೆ ಬರಲ್ಲ. ಈ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಕೂಡ ಬೇಡ. ಎರಡೂವರೆ ವರ್ಷ ನಾನು ಈ ಲೆಕ್ಕ ಹಾಕಲಿಲ್ಲ. ಹತ್ತು ಮಾರ್ಕಿನ ಎಂಜಿನಿಯರು "ಹೌದಪ್ಪ, ರೋಡು ಸರಿಯಿಲ್ಲ" ಅಂತ ತಲೆ ಆಡಿಸಿ ಗೂಗಲ್ ಪೇ ಮಾಡಿದೆ.

ನಮ್ಮ ಆಫೀಸಿನ ಕಥೆ ಇದಕ್ಕಿಂತ ಭಿನ್ನ ಏನಲ್ಲ ಬಿಡಿ. ಒಂದು ಸರ್ವರ್ ದಿನಾ ರಾತ್ರಿ ಮೂರು ಗಂಟೆಗೆ ಮಲಗುತ್ತಿತ್ತು. ಯಾರೋ ಪುಣ್ಯಾತ್ಮ ಎರಡೂವರೆಗೆ ತಾನಾಗಿ ರೀಸ್ಟಾರ್ಟ್ ಆಗೋ ಹಾಗೆ ಸ್ಕ್ರಿಪ್ಟ್ ಬರೆದಿಟ್ಟು ಟಿಕೆಟ್ ಮುಚ್ಚಿದ. ಎಲ್ಲರೂ ಚಪ್ಪಾಳೆ. ಒಂದು ವರ್ಷದ ನಂತರ ಅದು ಹಗಲು ಹೊತ್ತಿನಲ್ಲೇ ಮಲಗೋಕೆ ಶುರು ಮಾಡಿದಾಗ ಒಳಗೆ ಮೆಮೊರಿ ಸೋರುತ್ತಿದ್ದದ್ದು ಗೊತ್ತಾಯ್ತು. ಅದಕ್ಕೆ ಮೀಟಿಂಗ್ ಮಾಡಿ, "ಐದು ಯಾಕೆ" ಅಂತ ಒಂದು ಫಾರಂ ತುಂಬಿಸಿದರು. ಯಾಕೆ ಅಂತ ಐದು ಸಲ ಕೇಳಬೇಕು, ಆಗ ಬುಡ ಸಿಗುತ್ತೆ ಅನ್ನೋದು ಅದರ ತತ್ವ. ಟೊಯೋಟಾದ ತೈಇಚಿ ಓನೋ ಅವರ ಹೆಸರಿನೊಂದಿಗೆ ಸೇರಿಕೊಂಡಿರೋ ವಿಧಾನ. ಸಾಫ್ಟ್‌ವೇರಿನವರು ಈ ಫಾರಂ ತುಂಬಿ ತುಂಬಿ ಸುಸ್ತಾಗಿದ್ದಾರೆ. ಆದರೆ ಓನೋ 1978ರ ತಮ್ಮ ಪುಸ್ತಕದಲ್ಲಿ ಕೊಟ್ಟ ಉದಾಹರಣೆ ಏನು ಗೊತ್ತಾ? ಬೇರಿಂಗಿನದ್ದೇ! ಮಷಿನ್ ನಿಂತಿತು, ಯಾಕೆ? ಓವರ್‌ಲೋಡ್ ಆಗಿ ಫ್ಯೂಸ್ ಹೋಯಿತು. ಯಾಕೆ? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಯಾಕೆ? ಎಣ್ಣೆಯ ಪಂಪು ಸರಿಯಾಗಿ ಎತ್ತುತ್ತಿರಲಿಲ್ಲ. ಯಾಕೆ? ಪಂಪಿನ ಶಾಫ್ಟು ಸವೆದಿತ್ತು. ಯಾಕೆ? ಜಾಲರಿ ಇಲ್ಲದೆ ಲೋಹದ ಚೂರು ಒಳಗೆ ಹೋಗಿತ್ತು. ಫ್ಯೂಸ್ ಬದಲಾಯಿಸಿ ಬಂದಿದ್ದರೆ ಮತ್ತೆ ಹೋಗುತ್ತಿತ್ತು. ನಮ್ಮ ಮೂರು ಗ್ಯಾರೇಜು ಮೂರು ಸಲ ಮಾಡಿದ್ದು ಫ್ಯೂಸ್ ಬದಲಾಯಿಸೋ ಕೆಲಸ.

ಇನ್ನೊಂದು ಕಥೆ ಹೇಳದೆ ಇರೋಕಾಗಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಒಂದು ಬಟ್ಟೆ ಗಿರಣಿ ಇತ್ತು, ಅಲ್ಲಿ ಸ್ವೆನ್ ವಿಂಗ್‌ಕ್ವಿಸ್ಟ್ ಅನ್ನೋ ಯುವಕ ಎಂಜಿನಿಯರು. ಗಿರಣಿಯ ಬೇರಿಂಗುಗಳು ಪದೇ ಪದೇ ಹಾಳಾಗೋವು. ಆತ ಬೇರಿಂಗ್ ಬದಲಾಯಿಸಿ ಸುಮ್ಮನೆ ಕೂರಲಿಲ್ಲ, ನೆಲ ನೋಡಿದ. ಗಿರಣಿ ನಿಂತಿದ್ದು ಜೇಡಿಮಣ್ಣಿನ ಮೇಲೆ. ನೆಲ ಅಲ್ಲಾಡಿದಾಗಲೆಲ್ಲ ಉದ್ದನೆಯ ಶಾಫ್ಟು ಓರೆಯಾಗೋದು, ಓರೆಯಾದ ಶಾಫ್ಟಿನಲ್ಲಿ ಬೇರಿಂಗ್ ನರಳೋದು. ಶಾಫ್ಟ್ ಓರೆಯಾದರೂ ತಾನೇ ಹೊಂದಿಕೊಳ್ಳೋ ಬೇರಿಂಗನ್ನು ಆತ 1907ರಲ್ಲಿ ಕಂಡುಹಿಡಿದ. ಅದೇ ವರ್ಷ ಹುಟ್ಟಿದ ಕಂಪನಿಯೇ ಎಸ್‌ಕೆಎಫ್. ಆ ಗಿರಣಿಯಲ್ಲಿ ಯಾರಾದರೂ "ನೆಲ ಸರಿಯಿಲ್ಲ ಸಾರ್" ಅಂತ ಕೈ ತೊಳೆದುಕೊಂಡಿದ್ದರೆ? ನೆಲ ನಿಜವಾಗಿಯೂ ಸರಿ ಇರಲಿಲ್ಲ, ಅದೇ ಮಜಾ. ಅದೇ ಮಾತು ಅವನ ಬಾಯಲ್ಲಿ ಕೆಲಸದ ಶುರು, ನಮ್ಮವರ ಬಾಯಲ್ಲಿ ಕೆಲಸದ ಮುಕ್ತಾಯ.

ಸರಿ, ಆಗುಂಬೆ ಆದ ಮೇಲೆ ನಾನು ಒಂದು ವಾರ ರಜೆ ಹಾಕಿ ಊರಿಗೆ ಹೋದೆ. ಹೋಗೋ ಮುಂಚೆ ಬೇರಿಂಗ್ ಕಂಪನಿಗಳು ಪ್ರಕಟಿಸೋ ಕೈಪಿಡಿಗಳನ್ನು ಓದಿದೆ. ಕಾಲೇಜಿನಲ್ಲಿ ಓದಬೇಕಾಗಿದ್ದನ್ನು ಈಗ ಓದಿದೆ ಅನ್ನಿ. ಹೊಸ ಬೇರಿಂಗ್ ಬೇಗ ಸಾಯೋಕೆ ಎಷ್ಟು ದಾರಿ ಇದೆ ಅಂತ ನೋಡಿ ದಂಗಾದೆ. ಅವುಗಳಲ್ಲಿ ಬಹಳಷ್ಟು ಗ್ಯಾರೇಜಿನ ಒಳಗೇ ಇವೆ, ರೋಡಿನ ಮೇಲಲ್ಲ.

ಪ್ರೆಸ್ ಮಾಡೋದನ್ನೇ ತಗೊಳ್ಳಿ. ಬೇರಿಂಗನ್ನು ನಕಲ್ ಒಳಗೆ ಕೂರಿಸುವಾಗ ಒತ್ತು ಹೊರಬಳೆಯ ಮೇಲೆ ಮಾತ್ರ ಬೀಳಬೇಕು. ಹಬ್ ಕೂರಿಸುವಾಗ ಒಳಬಳೆಗೆ ಕೆಳಗಿನಿಂದ ಆಸರೆ ಕೊಡಬೇಕು. ಇದು ಉಲ್ಟಾ ಆದರೆ ಟನ್ನುಗಟ್ಟಲೆ ಒತ್ತಡ ಗುಂಡುಗಳ ಮೂಲಕ ಹಾದು ಹೋಗುತ್ತೆ, ಗುಂಡು ಕೂತ ಜಾಗದಲ್ಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ತಗ್ಗು ಬೀಳುತ್ತೆ. ಗಡಸುತನ ಅಳೆಯೋ ವಿಧಾನ ಕಂಡುಹಿಡಿದ ಬ್ರಿನೆಲ್ ಅನ್ನೋರ ಹೆಸರಿನಲ್ಲಿ ಇದನ್ನು ಬ್ರಿನೆಲಿಂಗ್ ಅಂತಾರೆ. ಬೇರಿಂಗ್ ಪೆಟ್ಟಿಗೆಯಿಂದ ಆಚೆ ಬಂದ ಐದೇ ನಿಮಿಷಕ್ಕೆ ಅದರ ಸಾವು ಬರೆದಾಯ್ತು. ಮನೆಗೆ ಹೋಗೋವರೆಗೂ ಸದ್ದು ಇರಲ್ಲ, ಕೆಲವು ಸಾವಿರ ಕಿಲೋಮೀಟರಿಗೆ ಶುರು. ಸುತ್ತಿಗೆ ಹೊಡೆದು ಕೂರಿಸೋರ ವಿಷಯ ನಾನು ಹೇಳೋದೇ ಬೇಡ.

ಆಮೇಲೆ ಆಕ್ಸಲ್ ತುದಿಯ ದೊಡ್ಡ ನಟ್ಟು. ಅದು ಬರೀ ಚಕ್ರ ಬೀಳದ ಹಾಗೆ ಹಿಡಿಯೋ ನಟ್ಟಲ್ಲ. ಒಳಬಳೆ ಎರಡು ತುಂಡಾಗಿರುತ್ತೆ, ಅವೆರಡನ್ನೂ ಒತ್ತಿ ಹಿಡಿದು ಗುಂಡುಗಳಿಗೆ ಸರಿಯಾದ ಬಿಗಿ ಕೊಡೋದು ಅದೇ. ಸಣ್ಣ ಕಾರುಗಳಲ್ಲಿ ಸುಮಾರು 200 ನ್ಯೂಟನ್ ಮೀಟರ್ ಆಸುಪಾಸು, ಗಾಡಿಗೆ ತಕ್ಕಂತೆ ಹೆಚ್ಚು ಕಮ್ಮಿ. ಅದನ್ನು ಟಾರ್ಕ್ ರೆಂಚಿನಲ್ಲಿ ಅಳೆದು ಬಿಗಿ ಮಾಡಬೇಕು. ಇಂಪ್ಯಾಕ್ಟ್ ಗನ್ನಿನಲ್ಲಿ ಡರ್ರ್ ಅಂತ ಬಿಟ್ಟರೆ ಎಷ್ಟಾಯ್ತು ಅಂತ ದೇವರಿಗೇ ಗೊತ್ತು. ನಟ್ಟಿನ ಅಂಚು ತಟ್ಟಿ ಲಾಕ್ ಮಾಡೋ ನಮೂನೆಯದಾದರೆ ಪ್ರತಿ ಸಲ ಹೊಸದು ಹಾಕಬೇಕು. ನಮಗೆ ಮೂರೂ ಸಲ ಹಳೆಯದನ್ನೇ ಹಾಕಿದ್ದರು. ನಟ್ಟು ಬಿಗಿ ಮಾಡೋಕೆ ಮುಂಚೆ ಕಾರನ್ನು ನೆಲಕ್ಕೆ ಇಳಿಸಿ ತೂಕ ಬಿಟ್ಟರೂ ಬೇರಿಂಗಿಗೆ ಪೆಟ್ಟು.

ನಕಲಿ ಬೇರಿಂಗೂ ಇದೆ, ಇಲ್ಲ ಅಂತಿಲ್ಲ. ದೊಡ್ಡ ಕಂಪನಿಗಳು ಪೆಟ್ಟಿಗೆಯ ಮೇಲಿನ ಕೋಡ್ ಪರೀಕ್ಷಿಸೋಕೆ ಮೊಬೈಲ್ ಆಪ್ ಕೊಟ್ಟಿರೋದು ಸುಮ್ಮನೆ ಅಲ್ಲ. ಚಂದಕ್ಕೆ ಅಗಲದ ಅಲಾಯ್ ಚಕ್ರ ಹಾಕಿ ಆಚೆಗೆ ತಳ್ಳಿದರೂ ಅಷ್ಟೇ, ಭಾರ ಬೀಳೋ ಗೆರೆ ಬೇರಿಂಗಿನ ಮಧ್ಯದಿಂದ ಆಚೆ ಹೋಗುತ್ತೆ. ಇದ್ಯಾವುದೂ ಅಲ್ಲದೆ ಎಷ್ಟೋ ಸಲ ಹೋಗಿರೋದು ಬೇರಿಂಗೇ ಅಲ್ಲ, ಟೈರು ಏರುಪೇರಾಗಿ ಸವೆದು ಅದೇ ಥರ ಗುಂಯ್ ಅನ್ನುತ್ತೆ. ಟೈರನ್ನು ಹಿಂದೆ ಮುಂದೆ ಬದಲಾಯಿಸಿ ನೋಡಿದರೆ ಸದ್ದೂ ಜಾಗ ಬದಲಾಯಿಸುತ್ತಾ ಅಂತ ಗೊತ್ತಾಗುತ್ತೆ. ಜಾಕ್ ಹಾಕಿ ಚಕ್ರ ತಿರುಗಿಸಿ ಸ್ಪ್ರಿಂಗ್ ಮೇಲೆ ಕೈ ಇಟ್ಟರೆ ಹಾಳಾದ ಬೇರಿಂಗಿನ ಕರಕರ ಬೆರಳಿಗೇ ಸಿಗುತ್ತೆ. ಖಾಲಿ ರಸ್ತೆಯಲ್ಲಿ ಬಲಕ್ಕೆ ತಿರುಗಿದಾಗ ಸದ್ದು ಏರಿದರೆ ಸಾಮಾನ್ಯವಾಗಿ ಎಡಗಡೆಯದು, ಯಾಕಂದ್ರೆ ತೂಕ ಆಗ ಎಡಕ್ಕೆ ವಾಲುತ್ತೆ. ಇದೆಲ್ಲ ಹತ್ತು ನಿಮಿಷದ ಕೆಲಸ, ಒಂದು ರೂಪಾಯಿ ಖರ್ಚಿಲ್ಲ.

ಈ ಪಟ್ಟಿ ತಲೆಯಲ್ಲಿ ಇಟ್ಟುಕೊಂಡು, ಗೊತ್ತಿದ್ದ ಒಬ್ಬ ಮೆಕ್ಯಾನಿಕ್ ಹುಡುಗನ ಕೈಲಿ ನಕಲ್ ಸಮೇತ ಬಿಚ್ಚಿಸಿ, ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದೆ. ಆಟೋ ಕಾಂಪ್ಲೆಕ್ಸಿನಲ್ಲಿ ಒಬ್ಬ ಹಳೇ ಲೇತ್ ಯಜಮಾನರಿದ್ದಾರೆ. ಮೂಗಿನ ತುದಿಯಲ್ಲಿ ಕನ್ನಡಕ, ಜೇಬಿನಲ್ಲಿ ಸ್ಟೀಲ್ ಸ್ಕೇಲು. ನಾನು ಪ್ರೆಸ್ಸು, ಟಾರ್ಕು, ಬ್ರಿನೆಲಿಂಗು ಅಂತ ಶುರು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಹಳೇದು ತಂದಿದೀಯಾ ತಮ್ಮಾ?" ಅಂದರು. ಮೊದಲ ಎರಡನ್ನು ಗ್ಯಾರೇಜಿನವರು ಗುಜರಿಗೆ ಹಾಕಿದ್ದರು. ಸರ್ವಿಸ್ ಸೆಂಟರಿನಲ್ಲಿ ಕೇಳಿ ಇಸ್ಕೊಂಡಿದ್ದ ಒಂದು, ಈಗ ಬಿಚ್ಚಿದ್ದು ಒಂದು, ಎರಡೂ ಚೀಲದಲ್ಲಿದ್ದವು.

ಅವರು ಒಳಗೆ ನೋಡಲೇ ಇಲ್ಲ. ಹೊರಬಳೆಯ ಬೆನ್ನನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಟ್ಯೂಬ್‌ಲೈಟಿಗೆ ಹಿಡಿದರು. "ಇದೇನು ಸಿಡುಬು?" ಅಂದರು. ನಿಜಕ್ಕೂ ಸಿಡುಬಿನ ಥರಾನೇ ಇತ್ತು. ಬಳೆಯ ಒಂದು ಪಕ್ಕದಲ್ಲಿ ಸಾಸಿವೆಯಷ್ಟು ಹೊಳೆಯೋ ಚುಕ್ಕಿಗಳು, ಮಧ್ಯೆ ಮಧ್ಯೆ ಕಂದು ತುಕ್ಕಿನ ಪುಡಿ. ಎರಡನೇ ಬೇರಿಂಗಿನಲ್ಲೂ ಅದೇ ಜಾಗದಲ್ಲಿ ಅದೇ ಚುಕ್ಕಿ. ಆಮೇಲೆ ಗ್ರೈಂಡರಿನಲ್ಲಿ ಬಳೆ ಸೀಳಿ ಒಳಗಿನ ಗುಂಡು ಓಡೋ ದಾರಿ ತೋರಿಸಿದರು. ಎರಡು ಕಡೆ ಉಕ್ಕು ಹಕ್ಕಳೆ ಕಿತ್ತ ಹಾಗೆ ಎದ್ದಿತ್ತು, ಒಂದಕ್ಕೊಂದು ಸರಿಯಾಗಿ ಎದುರುಬದುರು. "ಗಾಡಿ ಭಾರ ಬೀಳೋದು ಮೇಲ್ಗಡೆ ಒಂದು ಕಡೆ. ಇದು ಎರಡು ಕಡೆ ಹೋಗಿದೆ. ಅಂದ್ರೆ ಇದನ್ನ ಎರಡು ಕಡೆಯಿಂದ ಯಾರೋ ಕಿವಿ ಹಿಂಡಿದಾರೆ." ನಕಲ್ ಎತ್ತಿ ಅದರ ರಂಧ್ರದ ಒಳಗೆ ಬೆರಳು ಆಡಿಸಿದರು, ನಕ್ಕರು, ನನ್ನ ಬೆರಳನ್ನೂ ಹಿಡಿದು ಆಡಿಸಿದರು. ಒಂದು ಪಕ್ಕದಲ್ಲಿ ಸಾಲು ಸಾಲಾಗಿ ಸೆಂಟರ್ ಪಂಚ್ ಹೊಡೆದ ಗುರುತು.

ಗೊತ್ತಿಲ್ಲದವರಿಗೆ ಹೇಳ್ತೀನಿ. ರಂಧ್ರ ಸವೆದು ಬೇರಿಂಗ್ ಸಡಿಲವಾಗಿ ಕೂತರೆ, ಸವೆದ ಕಡೆ ಪಂಚ್ ಇಟ್ಟು ಸುತ್ತಿಗೆಯಲ್ಲಿ ಚುಕ್ಕಿ ಹೊಡೀತಾರೆ. ಪ್ರತಿ ಚುಕ್ಕಿಯ ಸುತ್ತ ಲೋಹ ಉಬ್ಬುತ್ತೆ, ಬೇರಿಂಗು ಟೈಟಾಗಿ ಕೂರುತ್ತೆ. ನೋಡೋಕೆ ಎಲ್ಲ ಸರಿ. ಆದರೆ ಬೇರಿಂಗಿನ ಹೊರಬಳೆ ಉಕ್ಕಿನದ್ದಾದರೂ ತೆಳ್ಳಗಿನದು, ಅದು ಕೂತ ಮನೆ ಯಾವ ಆಕಾರದಲ್ಲಿದೆಯೋ ಅದೂ ಅದೇ ಆಕಾರಕ್ಕೆ ಬರುತ್ತೆ. ಮನೆ ಮೊಟ್ಟೆಯಾಕಾರ ಆದರೆ ಬಳೆಯೂ ಮೊಟ್ಟೆ. ಗುಂಡುಗಳು ಪ್ರತಿ ಸುತ್ತಿಗೂ ಎರಡು ಸಲ ಇಕ್ಕಟ್ಟಿನಲ್ಲಿ ನುಸುಳಬೇಕು. ಅವರು ಬೋರ್ ಗೇಜ್ ಹಾಕಿ ಅಡ್ಡ ಒಂದು ಸಲ, ಉದ್ದ ಒಂದು ಸಲ ಅಳೆದರು. ವ್ಯತ್ಯಾಸ 0.08 ಮಿಲಿಮೀಟರ್. ಒಂದು ತಲೆಗೂದಲಿನ ದಪ್ಪ. ನಮ್ಮ ಆಗುಂಬೆಯ ಕಥೆ ಇಷ್ಟೇ.

ಎರಡನೇ ಗ್ಯಾರೇಜಿನವನೂ, ದೊಡ್ಡ ಸರ್ವಿಸ್ ಸೆಂಟರಿನವರೂ ಹಳೇ ಬೇರಿಂಗ್ ತೆಗೆದಾಗ ಆ ಚುಕ್ಕಿಗಳು ಅವರ ಕಣ್ಣ ಮುಂದೇ ಇದ್ದವು. (ಸರ್ವಿಸ್ ಸೆಂಟರಿನಲ್ಲಿ ಪ್ರೆಸ್ ಕೆಲಸವನ್ನು ಹೊರಗಡೆ ಅಂಗಡಿಗೆ ಕಳಿಸಿದ್ದರು ಅಂತ ಆಮೇಲೆ ಗೊತ್ತಾಯ್ತು. ಕಾಫಿ ಮಾತ್ರ ಅವರದ್ದೇ.) ನೋಡಲಿಲ್ಲವೋ, ನೋಡಿಯೂ ಮಾಮೂಲಿ ಅಂದುಕೊಂಡರೋ. ಮೂರು ಬೇರಿಂಗು, ಮೂರು ಲೇಬರ್ರು, ಒಂದು ಸಲ ಘಾಟಿಯಿಂದ ಟೋಯಿಂಗು, ಎಲ್ಲ ಸೇರಿ ಹದಿನೇಳು ಸಾವಿರ ಹೋಗಿತ್ತು. ಹೊಸ ನಕಲ್ಲಿಗೆ ನಾಲ್ಕು ಸಾವಿರದ ಇನ್ನೂರು.

ಈಗ ಗ್ಯಾರೇಜಿನವರ ಪರ ನಾಲ್ಕು ಮಾತು ಆಡದಿದ್ದರೆ ಅನ್ಯಾಯ. ಚಕ್ರ ಬಿಚ್ಚಿಕೊಟ್ಟ ಆ ಮೆಕ್ಯಾನಿಕ್ ಹುಡುಗನನ್ನೇ ಕೇಳಿದೆ, ನೀವ್ಯಾಕೆ ಅಳೆಯಲ್ಲ ಅಂತ. "ಸಾರ್, ಬೇರಿಂಗಿಗೆ ಎರಡು ಸಾವಿರ ಅಂದ್ರೆ ಮಾತಾಡದೆ ಕೊಡ್ತೀರ. ಲೇಬರ್ ಆರು ನೂರು ಅಂದ್ರೆ ನಾಲ್ಕು ನೂರು ತಗೋ ಅಂತೀರ. ಸಂಜೆ ಒಳಗೆ ಗಾಡಿ ಬೇಕು ಅಂತೀರ. ಅಳೆಯೋಕೆ ಒಂದು ಗಂಟೆ, ಅದಕ್ಕೆ ನೀವು ಎಷ್ಟು ಕೊಡ್ತೀರ?" ನನ್ನ ಬಾಯಿ ಕಟ್ಟಿತು. ನಾವು ವಸ್ತುವಿಗೆ ದುಡ್ಡು ಕೊಡ್ತೀವಿ, ನೋಡೋದಕ್ಕೆ ಕೊಡಲ್ಲ. ಬೆಂಗಳೂರಿನಲ್ಲಿ ಗಂಟೆಗಿಷ್ಟು ಅಂತ ಬಿಲ್ ಮಾಡಿ ಬರೀ ಯೋಚನೆಗೆ ಸಂಬಳ ತಗೊಳ್ಳೋ ನಾನು, ಗ್ರೀಸ್ ಕೈಯವನ ಯೋಚನೆಗೆ ಇನ್ನೂರು ರೂಪಾಯಿ ಚೌಕಾಸಿ ಮಾಡ್ತೀನಿ. ಆದರೂ ಅವನಿಗೆ ನಾನು ಹೇಳಿದ್ದು ಒಂದೇ: ಅಳೆಯೋಕೆ ದುಡ್ಡು ಕೇಳು, ಕೊಡೋರು ಕೊಡ್ತಾರೆ, ಕೊಡದಿದ್ದರೆ "ಯಾಕೆ ಹೋಯ್ತು ಅಂತ ನಾನು ನೋಡಿಲ್ಲ" ಅಂತ ಹೇಳು. ನೋಡಿಲ್ಲ ಅನ್ನೋದು ಮರ್ಯಾದೆಯ ಮಾತು. ನೋಡದೇ ರೋಡು ಅನ್ನೋದು, ಅಂಕಲ್ ನೀವು ಸರಿಯಾಗಿ ಓಡಿಸಿ ಅನ್ನೋದು ಅಲ್ಲ.

ಮತ್ತೆ ನಾವು ಗಿರಾಕಿಗಳು. ಹಳೇ ಬೇರಿಂಗ್ ಕೇಳಿ ಇಸ್ಕೊಳ್ಳಿ. ಅದು ನಿಮ್ಮದು, ದುಡ್ಡು ಕೊಟ್ಟಿದ್ದೀರಿ. ಒಂದೇ ಜಾಗದಲ್ಲಿ ಎರಡನೇ ಸಲ ಹೋದರೆ ಅದನ್ನು ಸೀಳಿ ನೋಡೋವರೆಗೂ ಮೂರನೆಯದು ಹಾಕಿಸಬೇಡಿ. ಹೊರಬಳೆ ಬೆನ್ನಿನ ಮೇಲೆ ಕಂದು ತುಕ್ಕೋ, ಉಜ್ಜಿದ ಹೊಳಪೋ ಇದ್ದರೆ ಅದು ಮನೆಯೊಳಗೆ ಜಾರಿದೆ. ಗುಂಡಿನ ಅಂತರಕ್ಕೆ ಸರಿಯಾಗಿ ತಗ್ಗು ಬಿದ್ದಿದ್ದರೆ ಪ್ರೆಸ್ ಮಾಡಿದವನನ್ನು ಕೇಳಿ. ಗ್ರೀಸ್ ಹಾಲು ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ. ಸತ್ತ ಬೇರಿಂಗ್ ಸುಳ್ಳು ಹೇಳಲ್ಲ, ಕೇಳೋರು ಬೇಕು.

ನೀರು ಅಂದಾಗ ನೆನಪಾಯ್ತು, ಫೋನಿನ ವಿಷಯ ಬಾಕಿ ಇದೆ. ಆ ರಾತ್ರಿ ಊರಲ್ಲಿ ಕೂತು ಐದು ಯಾಕೆ ಬರೆದೆ. ಬೇರಿಂಗ್ ಪದೇ ಪದೇ ಯಾಕೆ ಹೋಯಿತು? ನಕಲ್ ರಂಧ್ರ ಮೊಟ್ಟೆಯಾಗಿತ್ತು. ಯಾಕೆ? ಪಂಚ್ ಹೊಡೆದಿದ್ದರು. ಯಾಕೆ? ರಂಧ್ರ ಸವೆದು ಬೇರಿಂಗ್ ನಿಲ್ಲುತ್ತಿರಲಿಲ್ಲ. ಯಾಕೆ ಸವೆಯಿತು? ಮೊದಲನೇ ಬೇರಿಂಗ್ ಒಳಗೇ ಹಿಡಿದುಕೊಂಡು, ಹೊರಬಳೆ ಸಮೇತ ನಕಲ್ ಒಳಗೆ ತಿರುಗಿತ್ತು. ಅಲ್ಲಿವರೆಗೆ ಯಾಕೆ ಓಡಿಸಿದರು? 2022ರ ಮಳೆಯಲ್ಲಿ ಅಪ್ಪ ಒಂದು ಕಡೆ ರಸ್ತೆ ಮೇಲೆ ನಿಂತ ನೀರಿನಲ್ಲಿ ಕಾರು ದಾಟಿಸಿದ್ದರು. ಬಿಸಿ ಹಬ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಪಕ್ಕದಿಂದ ನೀರು ಎಳೆದುಕೊಳ್ಳುತ್ತೆ. ಅದಾಗಿ ಸ್ವಲ್ಪ ದಿನಕ್ಕೆ ಸದ್ದು. ಅಪ್ಪ ಫೋನ್ ಮಾಡಿದಾಗ ನಾನು ಸ್ಟ್ಯಾಂಡಪ್ ಮೀಟಿಂಗಿನಲ್ಲಿದ್ದೆ. ಮ್ಯೂಟ್ ಹಾಕಿಕೊಂಡು, ಅರ್ಧ ಕೇಳಿ, "ಟೈರ್ ಸದ್ದಿರಬೇಕು, ಏನೂ ಆಗಲ್ಲ ಓಡಿಸಿ" ಅಂದಿದ್ದೆ. ಮಗ ಮೆಕ್ಯಾನಿಕಲ್ ಎಂಜಿನಿಯರ್ ಅಲ್ವಾ, ಅವರು ನಂಬಿದರು. ನಾಲ್ಕು ತಿಂಗಳು ಓಡಿಸಿದರು.

ಬರೆದ ಹಾಳೆಯನ್ನು ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಐದನೆಯದರ ಬಗ್ಗೆ ಏನೂ ಅನ್ನಲಿಲ್ಲ. "ಹಾಗಾದ್ರೆ ನನ್ನ ಕಣ್ಣು ಸರಿ ಇದೆ" ಅಂದರು.

2025ರ ಜನವರಿಯಲ್ಲಿ ಹೊಸ ನಕಲ್, ಹೊಸ ಬೇರಿಂಗ್, ಹೊಸ ನಟ್ಟು ಹಾಕಿಸಿದೆವು. ಲೇತ್ ಯಜಮಾನರು ಹಬ್ಬಿನ ಮುಖಕ್ಕೂ ಡಯಲ್ ಗೇಜ್ ಹಿಡಿದು ಸರಿ ಇದೆ ಅಂದ ಮೇಲೇ ಪ್ರೆಸ್ಸಿಗೆ ಇಟ್ಟರು. ಅಳೆದಿದ್ದಕ್ಕೆ ಬೇರೆ ದುಡ್ಡು ಎಷ್ಟು ಅಂದೆ, ನೂರೈವತ್ತು ಅಂದರು. ಐದು ನೂರು ಕೊಟ್ಟರೆ ಬೈದು ವಾಪಸ್ ಕೊಟ್ಟರು. ಅಲ್ಲಿಂದ ಇಲ್ಲಿಗೆ 14,000 ಕಿಲೋಮೀಟರ್ ಆಗಿದೆ, ಸದ್ದಿಲ್ಲ. ಕಳೆದ ತಿಂಗಳು ಉಡುಪಿಯಿಂದ ವಾಪಸ್ ಬರುವಾಗ ಸೋಮೇಶ್ವರ ದಾಟೋ ಹೊತ್ತಿಗೇ ಕತ್ತಲಾಗಿತ್ತು. ನಾನು ಕೀ ಕೇಳಿದೆ. ಅಪ್ಪ ಕೊಡಲಿಲ್ಲ, ಘಾಟಿ ಅವರೇ ಹತ್ತಿಸಿದರು. ಅಮ್ಮ ಹಿಂದಿನ ಸೀಟಿನಲ್ಲಿ ಮದುವೆ ಊಟದ ಬಗ್ಗೆ ಮಾತಾಡ್ತಾ ಇದ್ದಳು, ಎಲ್ಲ ಕೇಳಿಸ್ತಿತ್ತು.

ಸೀಳಿದ ಬೇರಿಂಗ್ ನಮ್ಮನೆ ಶೋಕೇಸಿನಲ್ಲಿದೆ. ಮುಂದಿನ ಸಲ ಊರಿಗೆ ಹೋದಾಗ ಫೋಟೋ ತೆಗೆದು ಇಲ್ಲೇ ಹಾಕ್ತೀನಿ.